ಆರು ದಿನ, ಐದು ಪಂದ್ಯ: 1899ರಲ್ಲಿ ಸುವಾನಿ ಕಾಲೇಜಿಗೆ ಇದು ಸಾಧ್ಯವಾಗಿದ್ದು ಹೇಗೆ?

ಸುವಾನಿ ಅನ್ನೋದು ಅಮೆರಿಕದ ಟೆನೆಸೀ ರಾಜ್ಯದ ಒಂದು ಬೆಟ್ಟದ ಊರು. ಅಲ್ಲಿನ ಪುಟ್ಟ ಕಾಲೇಜಿನ ಹುಡುಗರು 1899ರ ನವೆಂಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಆಟ) ಆಡಲು ರೈಲು ಹತ್ತಿದರು. 9ನೇ ತಾರೀಕು ಆಸ್ಟಿನ್‌ನಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯವನ್ನು 12-0 ಅಂತರದಲ್ಲಿ ಸೋಲಿಸಿದರು. 10ಕ್ಕೆ ಹ್ಯೂಸ್ಟನ್‌ನಲ್ಲಿ ಟೆಕ್ಸಸ್ ಎ ಅಂಡ್ ಎಂ ಮೇಲೆ 10-0. 11ಕ್ಕೆ ನ್ಯೂ ಆರ್ಲಿಯನ್ಸ್‌ನಲ್ಲಿ ಟುಲೇನ್ ಮೇಲೆ 23-0. 12ನೇ ತಾರೀಕು ಭಾನುವಾರ, ಆಟ ಇಲ್ಲ. 13ಕ್ಕೆ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನಾ ಸ್ಟೇಟ್ ಮೇಲೆ 34-0. 14ಕ್ಕೆ ಮೆಂಫಿಸ್‌ನಲ್ಲಿ ಮಿಸಿಸಿಪಿ ಮೇಲೆ 12-0.

ಆರು ದಿನದಲ್ಲಿ ಐದು ಪಂದ್ಯ, ಐದೂ ಗೆಲುವು. ಸುವಾನಿ ಗಳಿಸಿದ್ದು 91 ಪಾಯಿಂಟ್, ಐದೂ ಎದುರಾಳಿಗಳು ಸೇರಿ ಗಳಿಸಿದ್ದು ಸೊನ್ನೆ. ಈ ಪ್ರವಾಸದಲ್ಲಿ ಅವರು ರೈಲಿನಲ್ಲಿ ಸುತ್ತಿದ್ದು ಸುಮಾರು 2,500 ಮೈಲಿ, ಅಂದರೆ 4,000 ಕಿಲೋಮೀಟರ್.

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ನಮ್ಮವರಿಗೆ ಅಲ್ಲಿನ ಕಾಲೇಜು ಫುಟ್‌ಬಾಲ್ ಜ್ವರ ಎಂಥದ್ದು ಅಂತ ಗೊತ್ತಿರುತ್ತದೆ. ಶನಿವಾರ ಬಂತೆಂದರೆ ಊರಿಗೆ ಊರೇ ಸ್ಟೇಡಿಯಂನಲ್ಲಿ. ಆದರೆ ಒಂದು ತಂಡ ಆಡುವುದು ವಾರಕ್ಕೆ ಒಂದೇ ಪಂದ್ಯ. ಅಷ್ಟಕ್ಕೇ ಮೈಕೈ ನಜ್ಜುಗುಜ್ಜಾಗಿ, ಸುಧಾರಿಸಿಕೊಳ್ಳಲು ಉಳಿದ ದಿನಗಳು ಸಾಲುವುದಿಲ್ಲ. ಹಾಗಾದರೆ ಈ ಹುಡುಗರು ಏನು ಮಾಡಿದರು?

ಅಮೆರಿಕದಲ್ಲಿ ಇವರಿಗೆ ಕಬ್ಬಿಣದ ಮನುಷ್ಯರು ಅಂತ ಬಿರುದು ಕೊಟ್ಟು, ಇದನ್ನು ಶೌರ್ಯದ ಕಥೆಯಾಗಿ ಹೇಳುತ್ತಾರೆ. ಶೌರ್ಯ ಇರಲಿಲ್ಲ ಅಂತ ನಾನೂ ಹೇಳುವುದಿಲ್ಲ. ಆದರೆ ಇದರ ಬುಡ ಹುಡುಕಿದರೆ ಸಿಗುವುದು ಒಂದು ದುಡ್ಡಿನ ಜಗಳ, ರೈಲಿನ ಟೈಂಟೇಬಲ್, ಮತ್ತು ಈಗ ಯಾರೂ ಆಡದ ಒಂದು ಬಗೆಯ ಆಟ. ಮೊದಲು ಆಟಕ್ಕೇ ಬರೋಣ. ಅದು ತಿಳಿಯದೆ ಉಳಿದದ್ದು ಅರ್ಥವಾಗುವುದಿಲ್ಲ.

ಐದು ಗಜ, ಮೂರು ಸಲ

ಇಂದಿನ ಅಮೆರಿಕನ್ ಫುಟ್‌ಬಾಲ್ ಹೀಗಿದೆ: ಎರಡೂ ಕಡೆ 11 ಜನ. ಚೆಂಡು ಇದ್ದವರಿಗೆ ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದರೆ ಮತ್ತೆ ನಾಲ್ಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಓಡಬಹುದು, ಮುಂದಕ್ಕೆ ಎಸೆಯಬಹುದು. ಎದುರಾಳಿಯ ಗೆರೆ ದಾಟಿದರೆ ಟಚ್‌ಡೌನ್, 6 ಪಾಯಿಂಟ್.

1899ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯುವ ಹಾಗೇ ಇರಲಿಲ್ಲ. ಅದಕ್ಕೆ ಅನುಮತಿ ಸಿಕ್ಕಿದ್ದು 1906ರಲ್ಲಿ. ಅವಕಾಶ ಮೂರೇ, ಆದರೆ ದಾಟಬೇಕಾದದ್ದೂ ಐದೇ ಗಜ, ಅಂದರೆ ನಾಲ್ಕೂವರೆ ಮೀಟರ್. ಒಂದು ಸಲಕ್ಕೆ ಎರಡು ಗಜ ನುಗ್ಗಿದರೂ ಕೆಲಸ ಆಯಿತು. ಎರಡು ಗಜ ನುಗ್ಗಲು ಜಾಣತನ, ವೇಗ ಯಾಕೆ ಬೇಕು? ತೂಕ ಮತ್ತು ಹಟ ಸಾಕು. ಹಾಗಾಗಿ ಆಟ ಏನಾಗಿತ್ತು ಅಂದರೆ, ಎಳೆಯುವ ಬದಲು ತಳ್ಳುವ ಹಗ್ಗಜಗ್ಗಾಟ.

ಒಂದು ನುಗ್ಗಾಟ ಹೇಗಿರುತ್ತಿತ್ತು ನೋಡಿ. ಮಧ್ಯದವನು ಚೆಂಡನ್ನು ಹಿಂದಿರುವ ಕ್ವಾರ್ಟರ್‌ಬ್ಯಾಕ್‌ಗೆ ಕೊಡುತ್ತಾನೆ. ಅವನು ತಕ್ಷಣ ಅದನ್ನು ಇನ್ನೊಬ್ಬನ ಹೊಟ್ಟೆಗೆ ಒತ್ತುತ್ತಾನೆ. ಆ ಇನ್ನೊಬ್ಬ ಚೆಂಡನ್ನು ಅವುಚಿಕೊಂಡು ತಲೆ ತಗ್ಗಿಸಿ ಗುಂಪಿನೊಳಗೆ ನುಗ್ಗುತ್ತಾನೆ. ಅವನ ಜೊತೆಗಾರರು ಹಿಂದಿನಿಂದ ಬೆನ್ನಿಗೆ ಕೈ ಕೊಟ್ಟು ದಬ್ಬುತ್ತಾರೆ, ಮುಂದಿದ್ದವರು ಕೈ ಹಿಡಿದು ಎಳೆಯುತ್ತಾರೆ. ಇದೆಲ್ಲಾ ನಿಯಮದ ಪ್ರಕಾರವೇ. ಆ ಕಡೆಯವರು ಎದುರಿನಿಂದ ಅಷ್ಟೇ ಜೋರಾಗಿ ಒತ್ತುತ್ತಾರೆ. ಚೆಂಡು ಹಿಡಿದವನು ನೆಲಕ್ಕೆ ಬಿದ್ದರೂ ಆಟ ನಿಲ್ಲುವುದಿಲ್ಲ. ಅವನನ್ನು ಅಲುಗಾಡದಂತೆ ಹಿಡಿಯುವವರೆಗೆ ಅವನು ತೆವಳಬಹುದು. ಅದಕ್ಕೇ ಬಿದ್ದವನ ಮೇಲೆ ಒಬ್ಬೊಬ್ಬರಾಗಿ ಬೀಳುತ್ತಾರೆ. ಕೊನೆಗೆ ರಾಶಿ ಬಿಚ್ಚಿ ನೋಡಿದರೆ ಚೆಂಡು ಒಂದು ಗಜ ಮುಂದೆ ಹೋಗಿರುತ್ತದೆ. ಎದ್ದು ನಿಂತು ಮತ್ತೆ ಅದೇ.

ಇಷ್ಟಕ್ಕೆ ಮೈಮೇಲೆ ಇದ್ದದ್ದು ಕ್ಯಾನ್ವಾಸ್ ಅಂಗಿ, ಹತ್ತಿ ತುಂಬಿದ ಚಡ್ಡಿ, ಕೆಲವರಿಗೆ ಮೂಗು ಮತ್ತು ಮೊಣಕಾಲಿನ ಕೆಳಗೆ ಒಂದು ಕವಚ. ತಲೆಗೆ ಪೆಟ್ಟು ತಾಗದಿರಲಿ ಅಂತ ಆ ಕಾಲದ ಆಟಗಾರರು ಕೂದಲು ಬೆಳೆಸುತ್ತಿದ್ದರು. ಕಾಲೇಜು ಫುಟ್‌ಬಾಲ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾಗಿದ್ದು 1939ರಲ್ಲಿ!

ಇನ್ನು ಬದಲಿ ಆಟಗಾರರ ವಿಷಯ. ನನ್ನ ಲೆಕ್ಕದಲ್ಲಿ ಈ ಕಥೆಯ ಕೀಲಿ ಇದೇ. ಇಂದು ದೊಡ್ಡ ಕಾಲೇಜುಗಳಲ್ಲಿ ನೂರರ ಆಸುಪಾಸು ಆಟಗಾರರಿರುತ್ತಾರೆ. ಚೆಂಡು ನಮ್ಮದಾದಾಗ ಆಡಲು ಒಂದು ಪಡೆ, ಎದುರಾಳಿಯದಾದಾಗ ತಡೆಯಲು ಇನ್ನೊಂದು, ಬರೀ ಒದೆಯಲು ಬೇರೆಯವರು. 1899ರಲ್ಲಿ ಒಳಗೆ ಹೋದ 11 ಜನ ಎರಡೂ ಕೆಲಸ ಮಾಡಬೇಕು. 35 ನಿಮಿಷದ ಎರಡು ಅವಧಿ. ಹೊರಗೆ ಬಂದವನು ಆ ದಿನ ಮತ್ತೆ ಒಳಗೆ ಹೋಗುವಂತಿಲ್ಲ. ಮೂಗಿನಲ್ಲಿ ರಕ್ತ ಸೋರಿದರೂ ಆಟಗಾರ ಹೊರಗೆ ಬರುತ್ತಿರಲಿಲ್ಲ, ಬಂದರೆ ಅಲ್ಲಿಗೆ ಮುಗಿಯಿತಲ್ವಾ.

ಇದು ಕ್ರೂರ ನಿಯಮ, ನಿಜ. ಆದರೆ ಸಣ್ಣ ಕಾಲೇಜಿಗೆ ಇದೇ ವರ. ಎದುರಾಳಿಯ ಹತ್ತಿರ ಎಷ್ಟು ಜನ ಇದ್ದರೂ ಅವರನ್ನು ಸರದಿಯಲ್ಲಿ ಒಳಗೆ ಹೊರಗೆ ಕಳಿಸಿ ನಮ್ಮನ್ನು ದಣಿಸುವ ಹಾಗಿಲ್ಲ. ಗಟ್ಟಿಮುಟ್ಟಾದ ಹನ್ನೊಂದು ಜನ ಸಿಕ್ಕಿದರೆ ಯಾರನ್ನು ಬೇಕಾದರೂ ಎದುರಿಸಬಹುದು. ಸುವಾನಿಯಿಂದ ರೈಲು ಹತ್ತಿದ ಆಟಗಾರರು ಇಪ್ಪತ್ತರ ಆಸುಪಾಸು. ಐದೂ ಪಂದ್ಯಗಳ ಭಾರ ಬಿದ್ದದ್ದು ಹೆಚ್ಚುಕಮ್ಮಿ 13 ಜನರ ಮೇಲೆ.

ಸ್ಕೋರ್ ಓದುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಆಗ ಟಚ್‌ಡೌನ್‌ಗೆ 5, ಅದರ ಬೆನ್ನಿಗೆ ಒದೆಯುವ ಕಿಕ್ ಗೋಲಾದರೆ 1, ಆಟದ ನಡುವೆ ಒದ್ದು ಗಳಿಸುವ ಫೀಲ್ಡ್ ಗೋಲ್‌ಗೂ 5. ಟೆಕ್ಸಸ್ ವಿರುದ್ಧದ 12-0 ಅಂದರೆ ಎರಡು ಟಚ್‌ಡೌನ್, ಎರಡೂ ಕಿಕ್ ಸರಿ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಒಂದು ಪಂದ್ಯದಲ್ಲಿ ಬೇಕಾಗುತ್ತದೆ.

ಗಲ್ಲಾಪೆಟ್ಟಿಗೆಯ ಜಗಳ

ಸುವಾನಿಯ ಕಾಲೇಜಿನ ಪೂರ್ತಿ ಹೆಸರು ಯೂನಿವರ್ಸಿಟಿ ಆಫ್ ದಿ ಸೌತ್. ಎಪಿಸ್ಕೋಪಲ್ ಚರ್ಚಿನವರು 1857ರಲ್ಲಿ ಇದಕ್ಕೆ ಬುನಾದಿ ಹಾಕಿದರು. ಅಂತರ್ಯುದ್ಧ ಅಡ್ಡ ಬಂದು ಪಾಠ ಶುರುವಾಗಿದ್ದು 1868ರಲ್ಲಿ. ಕಂಬರ್‌ಲ್ಯಾಂಡ್ ಪ್ರಸ್ಥಭೂಮಿಯ ಕಾಡಿನ ನಡುವೆ ಆಕ್ಸ್‌ಫರ್ಡ್ ತರಹದ ಕಲ್ಲಿನ ಕಟ್ಟಡಗಳು, ಕರಿ ಗೌನ್ ಹಾಕಿಕೊಂಡು ಓಡಾಡುವ ವಿದ್ಯಾರ್ಥಿಗಳು. ಎಲ್ಲಾ ಸೇರಿ ಕೆಲವು ನೂರು ಹುಡುಗರು. ಎಲ್ಲರೂ ಬಿಳಿಯರು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕಾಲೇಜು ಕಪ್ಪು ಜನರಿಗೆ ಮುಚ್ಚಿದ್ದ ಕಾಲ ಅದು. ತಂಡದ ಜೊತೆ ಹೋಗಿ ಆಟಗಾರರ ಮೈಕೈ ನೀವಿ, ಮರುದಿನ ಆಡಲು ಸಿದ್ಧ ಮಾಡುತ್ತಿದ್ದ ಸಹಾಯಕ ಮಾತ್ರ ಕಪ್ಪು ವರ್ಣದವನು. ವೀರರ ಪಟ್ಟಿಯಲ್ಲಿ ಅವನ ಹೆಸರು ಅಷ್ಟಾಗಿ ಕಾಣುವುದಿಲ್ಲ.

ಸುವಾನಿಗೆ ದೊಡ್ಡ ಪೈಪೋಟಿ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ಜೊತೆ. ವರ್ಷಕ್ಕೊಮ್ಮೆ ಆ ಪಂದ್ಯ ನಡೆದರೆ ಪಟ್ಟಣದ ಜನ ಟಿಕೆಟ್ ಕೊಂಡು ಸೇರುತ್ತಿದ್ದರು, ಎರಡೂ ತಂಡಕ್ಕೆ ವರ್ಷದ ಖರ್ಚಿಗೆ ದುಡ್ಡಾಗುತ್ತಿತ್ತು. 1899ರಲ್ಲಿ ಆ ಟಿಕೆಟ್ ದುಡ್ಡು ಹಂಚಿಕೊಳ್ಳುವ ವಿಷಯಕ್ಕೇ ಜಗಳ ಹತ್ತಿತು. ಪಂದ್ಯ ರದ್ದಾಯಿತು. ತಂಡದ ಖಜಾನೆಗೆ ದೊಡ್ಡ ತೂತು ಬಿತ್ತು.

ಅದನ್ನು ಮುಚ್ಚುವ ಕೆಲಸ ತಂಡದ ಮ್ಯಾನೇಜರ್ ಲ್ಯೂಕ್ ಲೀ ಪಾಲಿಗೆ ಬಂತು. ಮ್ಯಾನೇಜರ್ ಅಂದ ತಕ್ಷಣ ಕೋಟು ಹಾಕಿದ ಹಿರಿಯರನ್ನು ನೆನೆಯಬೇಡಿ. ಅವನೂ ವಿದ್ಯಾರ್ಥಿಯೇ, ಇಪ್ಪತ್ತು ವರ್ಷದ ಹುಡುಗ. ಅವನ ಲೆಕ್ಕ ಸರಳವಾಗಿತ್ತು. ಟೆನೆಸೀಯಿಂದ ಟೆಕ್ಸಸ್‌ಗೆ ಹೋಗಿಬರುವ ರೈಲು ಖರ್ಚು ಒಂದು ಪಂದ್ಯದಿಂದ ಗಿಟ್ಟುವುದಿಲ್ಲ. ಅದೇ ಹಾದಿಯಲ್ಲಿ ಐದು ಊರಿನಲ್ಲಿ ಆಡಿದರೆ ಒಂದು ಪ್ರವಾಸದ ಖರ್ಚಿಗೆ ಐದು ಕಡೆಯ ಟಿಕೆಟ್ ದುಡ್ಡು. ದಿನ ಕಮ್ಮಿಯಾದಷ್ಟೂ ಊಟದ ಖರ್ಚು ಕಮ್ಮಿ, ತಪ್ಪುವ ಪಾಠಗಳೂ ಕಮ್ಮಿ. ಆಟಗಾರರ ಮೈ ಏನಾಗುತ್ತದೆ ಅನ್ನುವ ಕಾಲಂ ಅವನ ಲೆಕ್ಕದ ಪುಸ್ತಕದಲ್ಲಿ ಇದ್ದಂತೆ ಕಾಣುವುದಿಲ್ಲ.

ಈ ಲೀ ಸಾಮಾನ್ಯ ಆಸಾಮಿ ಅಲ್ಲ. ಮುಂದೆ ನ್ಯಾಶ್‌ವಿಲ್‌ನಲ್ಲಿ ಪತ್ರಿಕೆ ಶುರುಮಾಡಿದ. 1911ರಿಂದ 1917ರವರೆಗೆ ಅಮೆರಿಕದ ಸೆನೆಟರ್ ಆಗಿದ್ದ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ, ಕೆಲವು ಸೈನಿಕರನ್ನು ಕಟ್ಟಿಕೊಂಡು ಹಾಲೆಂಡಿಗೆ ಹೋದ. ಅಲ್ಲಿ ಒಬ್ಬ ಕೌಂಟ್‌ನ ಮನೆಯಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಕೈಸರ್ ಎರಡನೇ ವಿಲ್‌ಹೆಲ್ಮ್‌ನನ್ನು ಹಿಡಿದು ತರುವುದು ಅವನ ಯೋಜನೆ! ಕೈಸರ್ ಸಿಗಲಿಲ್ಲ, ಆ ಮನೆಯ ಒಂದು ಆಶ್‌ಟ್ರೇ ಮಾತ್ರ ಇವರ ಜೊತೆ ಬಂತು. ಸೇನೆ ಛೀಮಾರಿ ಹಾಕಿ ಬಿಟ್ಟಿತು. 1930ರ ದಶಕದಲ್ಲಿ ಬ್ಯಾಂಕ್ ವ್ಯವಹಾರದ ಕೇಸಿನಲ್ಲಿ ಜೈಲಿಗೂ ಹೋಗಿಬಂದ. ಆರು ದಿನಕ್ಕೆ ಐದು ಪಂದ್ಯ ಗೊತ್ತುಮಾಡಲು ಇಂಥವನೇ ಬೇಕಿತ್ತೇನೋ.

ಮಲಗುವ ಬೋಗಿ, ಎರಡು ಪೀಪಾಯಿ ನೀರು

ನಕ್ಷೆ ತೆಗೆದು ನೋಡಿದರೆ ಲೀ ಹಾದಿ ಆರಿಸಿದ ಜಾಣತನ ಕಾಣುತ್ತದೆ. ಎಲ್ಲಕ್ಕಿಂತ ದೂರದ ಊರು ಆಸ್ಟಿನ್. ಅಲ್ಲಿಗೆ ಮೊದಲು. ಆಮೇಲೆ ಎಲ್ಲಾ ಮನೆ ಕಡೆಯ ದಾರಿ. ಆಸ್ಟಿನ್‌ನಿಂದ ಹ್ಯೂಸ್ಟನ್ ಸುಮಾರು 265 ಕಿಲೋಮೀಟರ್. ಅಲ್ಲಿಂದ ನ್ಯೂ ಆರ್ಲಿಯನ್ಸ್ ಸುಮಾರು 560. ಬ್ಯಾಟನ್ ರೂಜ್ ಹತ್ತಿರವೇ, ಸುಮಾರು 130. ಕೊನೆಗೆ ಮೆಂಫಿಸ್‌ಗೆ ಸುಮಾರು 600. ಹುಡುಗರು ಮಲಗುತ್ತಿದ್ದದ್ದು ರೈಲಿನ ಬೋಗಿಯಲ್ಲೇ. ಸಂಜೆ ಪಂದ್ಯ ಮುಗಿಸಿ ಹತ್ತಿದರೆ ಕಣ್ಣು ಬಿಡುವಷ್ಟರಲ್ಲಿ ಮುಂದಿನ ಊರು. 1899ರಲ್ಲಿ ಇದು ಆಯಿತು ಅಂದರೆ ಅದಕ್ಕೆ ದಕ್ಷಿಣದ ಊರುಗಳನ್ನು ಅಷ್ಟು ಹೊತ್ತಿಗೆ ಜೋಡಿಸಿದ್ದ ರೈಲು ಹಳಿಗಳೂ ಕಾರಣ. ಅದಕ್ಕಿಂತ ಮೂವತ್ತು ವರ್ಷ ಹಿಂದೆ ಯಾವ ಕಬ್ಬಿಣದ ಮನುಷ್ಯನಿಗೂ ಇದು ಆಗುತ್ತಿರಲಿಲ್ಲ.

ಸಾಮಾನಿನ ಪಟ್ಟಿಯಲ್ಲಿ ಎರಡು ಪೀಪಾಯಿ ಸುವಾನಿಯ ಬೆಟ್ಟದ ನೀರೂ ಇತ್ತು. ಇದನ್ನು ಕೇಳಿ ಇದೇನು ಮೂಢನಂಬಿಕೆ ಅನ್ನಿಸಬಹುದು. ಆದರೆ ಕುಡಿಯುವ ನೀರಿನಿಂದ ಟೈಫಾಯ್ಡ್ ಹರಡುತ್ತಿದ್ದ ಕಾಲ ಅದು. ಊರೂರಿನ ನೀರು ಕುಡಿದು ನಾಲ್ಕು ಜನ ಹೊಟ್ಟೆ ಹಿಡಿದುಕೊಂಡು ಮಲಗಿದರೆ ತಂಡವೇ ಇಲ್ಲ. ನೀರು ನೆನಪಿತ್ತು, ಆದರೆ ಆಟದ ಬೂಟುಗಳನ್ನೇ ಹಿಂದೆ ಬಿಟ್ಟು ಬಂದಿದ್ದರು! ಅವನ್ನು ಹಿಂದಿನಿಂದ ಬೇರೆ ರೈಲಿನಲ್ಲಿ ತರಿಸಿಕೊಂಡರು ಅಂತ ಕಥೆ ಇದೆ.

ಕೋಚ್ ಬಿಲ್ಲಿ ಸೂಟರ್ ಪ್ರಿನ್ಸ್‌ಟನ್‌ನಲ್ಲಿ ಆಡಿ ಬಂದವರು. ಉತ್ತರದ ಆ ಹಳೆಯ ಕಾಲೇಜುಗಳೇ ಆಗ ಈ ಆಟದ ಗುರುಮನೆ. ನಾಯಕ ಹೆನ್ರಿ ಸೀಬಲ್ಸ್, ಎಲ್ಲರ ಬಾಯಲ್ಲಿ ಡಿಡ್ಡಿ. ಮೊದಲ ಪಂದ್ಯದಲ್ಲೇ ಅವನ ತಲೆ ಒಡೆದು ರಕ್ತ ಬಂತು. ಪಟ್ಟಿ ಹಾಕಿಸಿಕೊಂಡು ಆಟ ಮುಂದುವರಿಸಿದ. ಹೊರಗೆ ಬಂದವನು ಮತ್ತೆ ಒಳಗಿಲ್ಲ ಅನ್ನುವ ನಿಯಮ ಮೈದಾನದಲ್ಲಿ ಏನು ಮಾಡಿಸುತ್ತಿತ್ತು ಅನ್ನುವುದಕ್ಕೆ ಇದೊಂದೇ ಸಾಕು.

ಭಾನುವಾರದ ರಜೆಯೂ ದಣಿವಿನ ಲೆಕ್ಕದಿಂದ ಬಂದದ್ದಲ್ಲ. ಚರ್ಚಿನವರ ಕಾಲೇಜು, ಭಾನುವಾರ ಆಡುವ ಮಾತೇ ಇಲ್ಲ. ಇಲ್ಲದಿದ್ದರೆ ಲೀ ಆ ದಿನಕ್ಕೂ ಒಂದು ಪಂದ್ಯ ಹಾಕುತ್ತಿದ್ದನೋ ಏನೋ!

ಎದುರಾಳಿಗಳು ನಿಜಕ್ಕೂ ಗಟ್ಟಿಯೇ?

ಇಲ್ಲಿ ಸ್ವಲ್ಪ ಕಟುವಾಗಿ ನೋಡಬೇಕು. ಐದೂ ಗೆಲುವಿಗೆ ಒಂದೇ ತೂಕ ಇಲ್ಲ. ಟೆಕ್ಸಸ್ ಒಳ್ಳೆಯ ತಂಡ, ಆ ವರ್ಷ ಆರು ಗೆದ್ದು ಎರಡೇ ಸೋತಿತ್ತು. ಟೆಕ್ಸಸ್ ಎ ಅಂಡ್ ಎಂ ವಿರುದ್ಧ ಮಾರನೇ ದಿನವೇ, ನೋಯುವ ಮೈಯಲ್ಲಿ ಆಡಿ ಒಂದೂ ಪಾಯಿಂಟ್ ಕೊಡದಿದ್ದದ್ದು ದೊಡ್ಡ ಮಾತು. ಆದರೆ ಟುಲೇನ್ ಆ ವರ್ಷ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಲೂಸಿಯಾನಾ ಸ್ಟೇಟ್ ಸ್ಥಿತಿಯೂ ಹೆಚ್ಚುಕಮ್ಮಿ ಹಾಗೇ. ಇಂದು ಆ ಹೆಸರು ಕೇಳಿ ಭಯಪಡುವವರು 1899ರ ಲೂಸಿಯಾನಾ ಸ್ಟೇಟನ್ನು ಅದರ ಜೊತೆ ಸೇರಿಸಬಾರದು. ಆಗ ದಕ್ಷಿಣದಲ್ಲಿ ಈ ಆಟ ಇನ್ನೂ ಬೇರು ಬಿಡುತ್ತಿತ್ತು.

ಹಾಗಂತ ಸುವಾನಿಯ ಸಾಧನೆ ಸಣ್ಣದಾಗುವುದಿಲ್ಲ. ನನ್ನನ್ನು ಕೇಳಿದರೆ, ಎಲ್ಲರೂ ಹಾಡಿಹೊಗಳುವ ಆ ಆರು ದಿನಕ್ಕಿಂತ ಇಡೀ ಸೀಸನ್ ದೊಡ್ಡದು. ಪ್ರವಾಸಕ್ಕೆ ಮೊದಲೇ ಅಕ್ಟೋಬರ್ 21, ಶನಿವಾರ ಅಟ್ಲಾಂಟಾದಲ್ಲಿ ಜಾರ್ಜಿಯಾವನ್ನು 12-0ರಿಂದ ಸೋಲಿಸಿ, ಸೋಮವಾರ ಅಲ್ಲೇ ಜಾರ್ಜಿಯಾ ಟೆಕ್ ತಂಡವನ್ನು 32-0ರಿಂದ ಬಡಿದಿದ್ದರು. ಆಮೇಲೆ ತಮ್ಮೂರಲ್ಲೇ ಟೆನೆಸೀ ಮೇಲೆ 46-0. ಸೌತ್‌ವೆಸ್ಟರ್ನ್ ಪ್ರೆಸ್ಬಿಟೇರಿಯನ್ ಮೇಲೆ 54-0. ಪ್ರವಾಸದಿಂದ ಬಂದು ಒಂದು ವಾರ ಆಗುವುದರೊಳಗೆ ಕಂಬರ್‌ಲ್ಯಾಂಡ್ ಕಾಲೇಜಿನ ಮೇಲೆ 71-0.

ಹತ್ತು ಪಂದ್ಯ ಮುಗಿದಿತ್ತು, ಒಬ್ಬರೂ ಸುವಾನಿಯ ಮೇಲೆ ಒಂದು ಪಾಯಿಂಟ್ ಗಳಿಸಿರಲಿಲ್ಲ. ಆಗ ಎದುರಾದದ್ದು ಆಬರ್ನ್.

ನವೆಂಬರ್ 30, ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ. ಊರು ಮಾಂಟ್‌ಗೊಮರಿ. ಆಬರ್ನ್ ಕೋಚ್ ಜಾನ್ ಹೈಸ್‌ಮನ್. ಇಂದು ಕಾಲೇಜು ಫುಟ್‌ಬಾಲ್‌ನ ಅತಿ ದೊಡ್ಡ ಪ್ರಶಸ್ತಿ ಇರುವುದು ಇವರ ಹೆಸರಿನಲ್ಲೇ. ಹೈಸ್‌ಮನ್‌ಗೆ ಬರೀ ನುಗ್ಗಾಟದಲ್ಲಿ ನಂಬಿಕೆ ಇರಲಿಲ್ಲ. ವೇಗ, ಮೋಸದ ಚಾಲು, ಮೊದಲೇ ಕಲಿಸಿಟ್ಟ ಸಂಕೇತ, ಇವೆಲ್ಲ ಅವರ ಬತ್ತಳಿಕೆ. ಆ ದಿನ ಸುವಾನಿ ಮೊದಲ ಸಲ ತತ್ತರಿಸಿತು. ಆದರೂ ಗೆದ್ದಿತು, 11-10.

ಈಗ ಆ ಸ್ಕೋರ್ ಲೆಕ್ಕ ನೆನಪಿಸಿಕೊಳ್ಳಿ. ಐದೈದರ ಲೆಕ್ಕದಲ್ಲಿ ಎರಡೂ ಕಡೆ ಸಮ ಸಮ, ಎರಡೆರಡು ಸಲ. ಮಿಕ್ಕಿದ್ದು ಟಚ್‌ಡೌನ್ ಆದ ಮೇಲೆ ಒದೆಯುವ ಒಂದೇ ಒಂದು ಕಿಕ್. ಇಡೀ ಸೀಸನ್ ಆ ಒಂದು ಪಾಯಿಂಟಿನ ಮೇಲೆ ನಿಂತಿತ್ತು. ಅಂಪೈರ್ ಸರಿಯಾಗಿ ನಡೆದುಕೊಳ್ಳಲಿಲ್ಲ ಅಂತ ಹೈಸ್‌ಮನ್ ಪತ್ರಿಕೆಗೆ ಬರೆದು ಜಗಳ ತೆಗೆದರು. ಸೋತವರ ದೂರು ಅಂತ ಸುಮ್ನೆ ತಳ್ಳಿಹಾಕುವುದು ಕಷ್ಟ. ಮೈದಾನದಲ್ಲಿ ಆಬರ್ನ್ ಆಟವೇ ಮೇಲಿತ್ತು ಅಂತ ಹೇಳಿದವರು ಆಗಲೂ ಇದ್ದರು. (ಅಂದಹಾಗೆ, ಇದೇ ಹೈಸ್‌ಮನ್ 1916ರಲ್ಲಿ ಜಾರ್ಜಿಯಾ ಟೆಕ್ ಕೋಚ್ ಆಗಿದ್ದಾಗ ಅದೇ ಕಂಬರ್‌ಲ್ಯಾಂಡ್ ಮೇಲೆ 222-0 ಗೆಲುವು ಸಾಧಿಸಿದರು. ಕಾಲೇಜು ಫುಟ್‌ಬಾಲ್ ಇತಿಹಾಸದಲ್ಲಿ ಅಷ್ಟು ಅಂತರದ ಗೆಲುವು ಬೇರೆ ಇಲ್ಲ. ಪಾಪ ಕಂಬರ್‌ಲ್ಯಾಂಡ್.)

ಎರಡೇ ದಿನದ ನಂತರ, ಡಿಸೆಂಬರ್ 2ಕ್ಕೆ, ಅಟ್ಲಾಂಟಾದಲ್ಲಿ ನಾರ್ತ್ ಕೆರೊಲಿನಾ ಜೊತೆ ಕೊನೆಯ ಪಂದ್ಯ. ಟಚ್‌ಡೌನ್ ಆಗಲೇ ಇಲ್ಲ. ಒಂದು ಫೀಲ್ಡ್ ಗೋಲ್, 5-0. ಅಲ್ಲಿಗೆ 43 ದಿನದಲ್ಲಿ 12 ಪಂದ್ಯ, 12 ಗೆಲುವು. ಒಟ್ಟು 322 ಪಾಯಿಂಟ್ ಗಳಿಸಿ ಕೊಟ್ಟದ್ದು ಬರೀ 10, ಅದೂ ಒಂದೇ ಪಂದ್ಯದಲ್ಲಿ. ಇಂದಿನ ದೊಡ್ಡ ತಂಡಗಳ ಮಾಮೂಲಿ ಸೀಸನ್ನಿನಲ್ಲೂ 12 ಪಂದ್ಯಗಳೇ. ಆದರೆ ಅವಕ್ಕೆ ಮೂರು ತಿಂಗಳು ಬೇಕು.

ಆಟ ಬದಲಾಯಿತು, ಬೆಟ್ಟದ ಕಾಲೇಜು ಹಾಗೇ ಉಳಿಯಿತು

ಸುವಾನಿಯನ್ನು ಗೆಲ್ಲಿಸಿದ ಆ ಆಟ ಹೆಚ್ಚು ದಿನ ಉಳಿಯಲಿಲ್ಲ. ಉಳಿಯುವ ಹಾಗೂ ಇರಲಿಲ್ಲ. ಗುಂಪು ನುಗ್ಗಾಟದಲ್ಲಿ ಹುಡುಗರು ಸಾಯುತ್ತಿದ್ದರು. 1905ರ ಒಂದೇ ಸೀಸನ್ನಿನಲ್ಲಿ ದೇಶದಾದ್ಯಂತ ಹದಿನೆಂಟರ ಆಸುಪಾಸು ಸಾವು. ಆಟವನ್ನೇ ನಿಷೇಧಿಸಿ ಎಂಬ ಕೂಗೆದ್ದಿತು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಶ್ವೇತಭವನಕ್ಕೆ ಕರೆಸಿ ಬುದ್ಧಿ ಹೇಳಿದರು. 1906ರಲ್ಲಿ ಐದು ಗಜ ಹತ್ತಾಯಿತು, ಮುಂದಕ್ಕೆ ಎಸೆಯಲು ಒಪ್ಪಿಗೆ ಸಿಕ್ಕಿತು. ಎರಡೆರಡು ಗಜ ತಳ್ಳುತ್ತಾ ಹೋಗುವ ಲೆಕ್ಕಾಚಾರ ಅಲ್ಲಿಂದ ಕೈಕೊಟ್ಟಿತು. ಮೈದಾನ ಬಿಚ್ಚಿಕೊಂಡಿತು. ವೇಗವಾಗಿ ಓಡುವವರು, ಚೆಂಡು ಎಸೆಯುವವರು, ಹಿಡಿಯುವವರು ಬೇಕಾದರು. ಅಂಥವರನ್ನು ಹುಡುಕಿ ತರಲು ದುಡ್ಡು ಬೇಕು. ದೊಡ್ಡ ಸ್ಟೇಡಿಯಂ ಕಟ್ಟಿದವರ ಹತ್ತಿರ ದುಡ್ಡು ಬಂತು.

ಬೆಟ್ಟದ ಮೇಲಿನ ಕಾಲೇಜಿಗೆ ಸ್ಟೇಡಿಯಂ ತುಂಬಿಸುವಷ್ಟು ಜನ ಎಲ್ಲಿಂದ ಬರಬೇಕು? ಆದರೂ ಹಳೆಯ ಹೆಸರಿನ ಬಲದಿಂದ, 1932ರಲ್ಲಿ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಅನ್ನುವ ಕಾಲೇಜು ತಂಡಗಳ ಕೂಟ ಹುಟ್ಟಿದಾಗ ಅದರ 13 ಸ್ಥಾಪಕ ಸದಸ್ಯರಲ್ಲಿ ಸುವಾನಿಯೂ ಇತ್ತು. 1899ರಲ್ಲಿ ಇವರ ಕೈಯಲ್ಲಿ ಪೆಟ್ಟು ತಿಂದ ಆಬರ್ನ್, ಜಾರ್ಜಿಯಾ, ಟೆನೆಸೀ, ಲೂಸಿಯಾನಾ ಸ್ಟೇಟ್ ಎಲ್ಲಾ ಅದೇ ಕೂಟದಲ್ಲಿದ್ದವು. ಈ ಸಲ ಪೆಟ್ಟು ತಿನ್ನುವ ಸರದಿ ಸುವಾನಿಯದು. ಕೂಟದೊಳಗೆ 37 ಪಂದ್ಯ ಆಡಿ 37ರಲ್ಲೂ ಸೋತಿತು. ಸ್ಕಾಲರ್‌ಶಿಪ್ ಕೊಟ್ಟು ಆಟಗಾರರನ್ನು ಕೊಂಡುಕೊಳ್ಳುವ ಪೈಪೋಟಿ ತಮಗೆ ಬೇಡ ಅಂತ ಕಾಲೇಜು ತೀರ್ಮಾನಿಸಿ, 1940ರ ಕೊನೆಯಲ್ಲಿ ಹೊರಗೆ ಬಂತು. ಇಂದಿಗೂ ಅದು ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡದ ಮೂರನೇ ದರ್ಜೆಯ ವಿಭಾಗದಲ್ಲಿ ಸಣ್ಣ ಕಾಲೇಜುಗಳ ಜೊತೆ ಆಡುತ್ತದೆ.

ಆ ಆರು ದಿನದಲ್ಲಿ ಸೋತ ಐದರಲ್ಲಿ ನಾಲ್ಕು ಈಗ ಅದೇ ಸೌತ್‌ಈಸ್ಟರ್ನ್ ಕಾನ್ಫರೆನ್ಸ್‌ನಲ್ಲಿವೆ. ಎ ಅಂಡ್ ಎಂ 2012ರಲ್ಲಿ ಸೇರಿತು, ಟೆಕ್ಸಸ್ 2024ರಲ್ಲಿ. ಟುಲೇನ್ ಮಾತ್ರ 1966ರಲ್ಲೇ ಬಿಟ್ಟು ಹೋಗಿತ್ತು. ಆಸ್ಟಿನ್‌ನಲ್ಲಿರುವ ಟೆಕ್ಸಸ್ ಸ್ಟೇಡಿಯಂನಲ್ಲಿ ಈಗ ಒಂದು ಲಕ್ಷ ಜನ ಕೂರಬಹುದು.